ಟೇಲರ್ ಮತ್ತು ನೂರ ಅರವತ್ತು ಕಿಲೋಮೀಟರ್

ನಮ್ಮವರು ಹೋಗಿ ಎಂಟು ತಿಂಗಳಾಯಿತು. ಬಂದವರೆಲ್ಲ ದೇವರಂಥ ಮನುಷ್ಯ ಅಂದು ಹೋಗುತ್ತಾರೆ. ಅವರ್ಯಾರೂ ನಮ್ಮವರ ಹತ್ತಿರ ಬಟ್ಟೆ ಹೊಲಿಸಿದವರಲ್ಲ.

ಅವರು ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತೆಂಟನೇ ವಯಸ್ಸಿಗೆ ಸೈಕಲ್ ರೇಸಿನ ಹುಚ್ಚು ಹಿಡಿಯಿತು. ನಮ್ಮೂರಿನಿಂದ ವರ್ಷಕ್ಕೊಂದು ರೇಸು ಹೊರಡುತ್ತದೆ. ಎಂಬತ್ತು ಕಿಲೋಮೀಟರ್ ಹೋಗಬೇಕು, ತಿರುಗಿ ಎಂಬತ್ತು ಬರಬೇಕು. ಬೆಳಿಗ್ಗೆ ಆರಕ್ಕೆ ಬಿಟ್ಟವರು ಮಧ್ಯಾಹ್ನ ಎರಡರೊಳಗೆ ಮುಟ್ಟಬೇಕು. ಮುಟ್ಟಿದವರ ಹೆಸರನ್ನು ಬೋರ್ಡಿಗೆ ಅಂಟಿಸುತ್ತಾರೆ. ಉಳಿದವರನ್ನು ಯಾರೂ ಕೇಳುವುದಿಲ್ಲ. ನಮ್ಮವರಿಗೆ ಬೇಕಾಗಿದ್ದು ಗೆಲುವಲ್ಲ. ಆ ಪಟ್ಟಿಯಲ್ಲಿ ಹೆಸರು. ಅಷ್ಟೇ.

ಅಭ್ಯಾಸ ಶುರುವಾಯಿತು. ಅಭ್ಯಾಸಕ್ಕೂ ಅಂಗಡಿಗೂ ಒಟ್ಟಿಗೆ ಸಮಯ ಸಿಗಬೇಕಲ್ಲ. ಅದಕ್ಕೆ ವಿಳಾಸ ನೋಡಿ ಬಟ್ಟೆ ಹೊಲಿಯತೊಡಗಿದರು. ನಲವತ್ತು ಕಿಲೋಮೀಟರ್ ದೂರದವರ ಪ್ಯಾಂಟು ಎರಡೇ ದಿನಕ್ಕೆ ತಯಾರು. ತಾವೇ ಸೈಕಲ್ ಮೇಲೆ ಹೋಗಿ ಕೊಟ್ಟು ಬರುತ್ತಿದ್ದರು. ಬರೀ ಒಂದು ಗುಂಡಿ ಹಾಕಿಸಲು ಬಂದ ಕೋಟನ್ನೂ ಹಾಗೇ ಅಷ್ಟು ದೂರ ಒಯ್ದು ಕೊಟ್ಟರು. ಎದುರುಮನೆ ಮೇಷ್ಟ್ರ ಪ್ಯಾಂಟು ಮಾತ್ರ ಮೂರು ತಿಂಗಳು ಗೂಟದಲ್ಲಿ ನೇತಾಡಿತು.

ಒಂದು ದಿನ ಮೇಷ್ಟ್ರು ಬಾಗಿಲಿಗೆ ಬಂದು ನನ್ನನ್ನೇ ಕೇಳಿದರು. "ಏನಮ್ಮಾ, ನಾನು ಮನೆ ಬದಲಾಯಿಸಿ ದೂರ ಹೋದ್ರೆ ನನ್ನ ಪ್ಯಾಂಟು ಬರುತ್ತಾ?"

"ಬರುತ್ತೆ ಮೇಷ್ಟ್ರೇ. ಏರು ಇರೋ ಕಡೆ ಹೋಗಿ, ಇನ್ನೂ ಬೇಗ ಬರುತ್ತೆ" ಅಂದೆ.

ಮೊದಲ ವರ್ಷ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕಿಕೊಂಡಿತು. ಎರಡನೇ ವರ್ಷ ಕೂರುವ ಕಡೆ ಸ್ಪಂಜು ಇಟ್ಟು ಚಡ್ಡಿ ಹೊಲಿದುಕೊಂಡರು. ಮಳೆ ಬಂತು. ಸ್ಪಂಜು ನೀರು ಕುಡಿಯಿತು. ಅದನ್ನು ಹಿಂಡಲು ಮರದ ಮರೆಗೆ ಹೋಗಿ ಹೋಗಿ ಹೊತ್ತು ಮೀರಿತು. ಮೂರನೇ ವರ್ಷ ಇಪ್ಪತ್ತು ನಿಮಿಷ ತಡವಾಗಿ ಮುಟ್ಟಿದರು. ಶಾಮಿಯಾನದವನು ಕುರ್ಚಿ ಮಡಚುತ್ತಿದ್ದ. ಇವರೂ ಸೈಕಲ್ ಒರಗಿಸಿ ಅವನ ಜೊತೆ ಕುರ್ಚಿ ಮಡಚಿ ಬಂದರು.

ನಾಲ್ಕನೇ ವರ್ಷ ಸವಾರರಿಗೆ ನೀರು ಒಯ್ಯುವ ವ್ಯಾನನ್ನು ನನ್ನ ತಮ್ಮ ಓಡಿಸಿದ. ನಾನೂ ಹತ್ತಿದೆ. ಎಂಬತ್ತನೇ ಕಿಲೋಮೀಟರಿನಲ್ಲಿ, ತಿರುಗುವ ಜಾಗದಲ್ಲಿ ನಿಂತೆವು. ನಮ್ಮವರು ಹತ್ತು ಗಂಟೆಗೆ ಐದು ನಿಮಿಷ ಇರುವಾಗಲೇ ಬಂದರು. ಹಿಂದಿನ ವರ್ಷಕ್ಕಿಂತ ಇಪ್ಪತ್ತೈದು ನಿಮಿಷ ಮೊದಲು. ನನ್ನ ಜೀವ ಹಗುರಾಯಿತು.

ಅಲ್ಲೊಬ್ಬಳು ಹುಡುಗಿ ಪುಸ್ತಕ ಹಿಡಿದು ಕುಳಿತಿದ್ದಳು. "ಚೀಟಿ ಕೊಡಿ ಸರ್" ಅಂದಳು.

"ಯಾವ ಚೀಟಿ?"

"ನಿಮ್ಮ ಬೆನ್ನಲ್ಲಿರೋ ನಂಬರಿನ ಕೆಳಗಡೇದು. ಈ ವರ್ಷದಿಂದ ಹೊಸ ನಿಯಮ ಅಂತ ಬೆಳಿಗ್ಗೆ ಹೇಳಿದ್ರಲ್ಲ ಸರ್. ಹರಿದು ಕೊಟ್ರೆ ತಾನೇ ಇಲ್ಲಿ ತನಕ ಬಂದಿದ್ದೀರಿ ಅಂತ ಲೆಕ್ಕ."

ಬೆಳಿಗ್ಗೆ ಅದನ್ನು ಹೇಳುವಾಗ ನಮ್ಮವರು ಪಕ್ಕದವನ ಅಂಗಿಯ ಹೊಲಿಗೆ ನೋಡಿ ನಗುತ್ತಿದ್ದರು.

ಎಲ್ಲರೂ ನಂಬರನ್ನು ನಾಲ್ಕು ಪಿನ್ನು ಚುಚ್ಚಿ ಹಾಕಿಕೊಳ್ಳುತ್ತಾರೆ. ಟೇಲರ್ ಪಿನ್ನು ಚುಚ್ಚಿಕೊಂಡರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಇವರು ಅಂಚು ಒಳಗೆ ಮಡಚಿ, ಕೋಟಿನ ಗುಂಡಿಗೆ ಹಾಕುವ ದಾರದಲ್ಲಿ ಸುತ್ತಲೂ ಎರಡು ಸಾಲು ಹೊಲಿದಿದ್ದರು. ಚೀಟಿಯೂ ಮಡಿಕೆಯೊಳಗೆ ಸೇರಿಹೋಗಿತ್ತು.

ಹುಡುಗಿ ಎಳೆದಳು. ತಮ್ಮ ಎಳೆದ. ನಮ್ಮವರು ಸೈಕಲ್ ಸಮೇತ ಹಿಂದಕ್ಕೆ ಬಂದರೇ ಹೊರತು ಚೀಟಿ ಬರಲಿಲ್ಲ.

"ಯಾರ್ ಸರ್ ಇದನ್ನ ಹೊಲಿದಿದ್ದು?" ಅಂದಳು ಹುಡುಗಿ.

"ನಾನೇ" ಅಂದರು. ಅಂಥ ಹೊತ್ತಿನಲ್ಲೂ ಎದೆ ಉಬ್ಬಿತು.

"ಕತ್ತರಿ ಎಲ್ಲಿ ಭಾವ?"

"ಭಾರ ಅಂತ ಮನೇಲೇ ಬಿಟ್ಟೆ ಕಣೋ."

ಅಲ್ಲಿ ಯಾರ ಹತ್ತಿರವೂ ಕತ್ತರಿ ಇರಲಿಲ್ಲ. ನಮ್ಮವರು ಅಂಗಿ ಬಿಚ್ಚಿ, ಒಬ್ಬನಿಂದ ಪಿನ್ನು ಇಸಿದುಕೊಂಡು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತರು. ಹೊಲಿಗೆಯನ್ನು ಒಂದೊಂದಾಗಿ ಬಿಡಿಸತೊಡಗಿದರು. ನಾಜೂಕಾಗಿ. ಗಿರಾಕಿಯ ರೇಷ್ಮೆ ಬಟ್ಟೆಯೇನೋ ಎಂಬಂತೆ. ಒಬ್ಬೊಬ್ಬರೇ ಬಂದು ಚೀಟಿ ಹರಿದು ಕೊಟ್ಟು ಹೋದರು. ಒಬ್ಬ ಬಾಳೆಹಣ್ಣು ತಿಂದು, ಸಿಪ್ಪೆ ಎಸೆದು, ಇವರನ್ನು ನೋಡಿ ನಕ್ಕು ಹೋದ. ಹತ್ತೂ ಕಾಲಾಯಿತು. ವಾಪಸು ದಾರಿಯಲ್ಲಿ ಏರು ಬೇರೆ, ಎದುರುಗಾಳಿ ಬೇರೆ.

"ರೀ, ಇಲ್ಲಿ ಕೊಡಿ" ಅಂದೆ.

"ತಾಳೇ, ಬಟ್ಟೆ ಕಿತ್ತೋಗುತ್ತೆ."

ಕಿತ್ತುಕೊಂಡೆ. ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಎಳೆದೆ. ಪರ್ ಅಂತ ಬಂತು. ಚೀಟಿಯ ಜೊತೆ ಅಂಗೈಯಗಲ ಅಂಗಿಯೂ ಬಂತು. ಹಾಗೇ ಹುಡುಗಿಯ ಕೈಗಿಟ್ಟೆ.

ನಮ್ಮವರ ಮುಖ ಕಪ್ಪಿಟ್ಟಿತು. "ಮೂವತ್ತು ವರ್ಷದಲ್ಲಿ ನನ್ನ ಹೊಲಿಗೆ ಬಿಟ್ಟಿದ್ದು ಇವತ್ತೇ ಕಣೇ."

"ಹೊಲಿಗೆ ಬಿಟ್ಟಿಲ್ಲ. ಬಟ್ಟೆ ಹರಿದಿದೆ. ನೋಡ್ಕೊಳ್ಳಿ."

ನೋಡಿದರು. ಎರಡು ಸಾಲೂ ಹಾಗೇ ಇದ್ದವು. "ಹೌದಲ್ಲೇ" ಅಂದರು. ಮುಖ ಅರಳಿತು. ಅಂಗಿ ತೊಟ್ಟು ಹೊರಟೇಬಿಟ್ಟರು. ಬೆನ್ನಿನ ತೂತಿನೊಳಗೆ ಗಾಳಿ ಹೊಕ್ಕು ಅಂಗಿ ಬುರುಬುರು ಊದಿಕೊಂಡಿತು.

ನಾವು ಮೊದಲೇ ಬಂದು ಕಾದೆವು. ಒಂದೂ ಮುಕ್ಕಾಲಾಯಿತು. ಒಂದೂ ಐವತ್ತೈದಾಯಿತು. ನಾನು ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡುತ್ತ ನಿಂತೆ. ಆಮೇಲೆ ತಮ್ಮ ಕೂಗಿದ. "ಅಕ್ಕಾ, ಬಂದ್ರು! ಬಲೂನಿನ ಥರ ಬರ್ತಿದ್ದಾರೆ ನೋಡು!"

ಎರಡಕ್ಕೆ ಒಂದು ನಿಮಿಷ ಇತ್ತು.

ಮುಟ್ಟಿದರು. ಇಳಿಯಲು ಆಗಲಿಲ್ಲ. ಕಾಲು ಎರಡೂ ಮರಗಟ್ಟಿದ್ದವು. ನೆರಳಿಗೆ ತಳ್ಳುತ್ತೇವೆ ಅಂದರೆ ಬೇಡ, ಬೋರ್ಡಿನ ಹತ್ತಿರ ತಳ್ಳಿ ಅಂದರು. ಆ ಕಡೆಯಿಂದ ತಮ್ಮ, ಈ ಕಡೆಯಿಂದ ನಾನು ಸೈಕಲ್ ಹಿಡಿದುಕೊಂಡೆವು. ಪಟ್ಟಿ ಅಂಟಿಸಲು ಅರ್ಧ ಗಂಟೆಯಾಯಿತು. ಅಷ್ಟೂ ಹೊತ್ತು ಅವರು ಸೈಕಲ್ ಮೇಲೇ ಇದ್ದರು. ನನ್ನ ಭುಜದ ಮೇಲೆ ಕೈ ಊರಿದ್ದರು. ಆ ಭಾರ ನನಗೆ ಈಗಲೂ ಗೊತ್ತಾಗುತ್ತದೆ.

ಅರವತ್ತಮೂರು ಹೆಸರು. ಅರವತ್ತಮೂರನೆಯದು ಇವರದು. ಅದರ ಕೆಳಗೆ ಗೆರೆ ಎಳೆದಿದ್ದರು.

"ಕಟ್ಟಕಡೆಗೆ ಇದ್ದೀರಲ್ಲ ಭಾವ" ಅಂದ ತಮ್ಮ.

"ಗೆರೆ ಮೇಲಿದ್ದೀನೋ, ಕೆಳಗಿದ್ದೀನೋ?"

"ಮೇಲೆ."

"ಮತ್ತೆ ಮುಚ್ಕೊಂಡು ಹಿಡ್ಕೋ" ಅಂದರು. ಮೊದಲನೇ ಹೆಸರಿನಿಂದ ಅರವತ್ತಮೂರೂ ಓದಿ ಮುಗಿಸಿಯೇ ಅವರು ಸೈಕಲ್ಲಿನಿಂದ ಇಳಿದದ್ದು.