ಸೊಸೆ ಕಟ್ಟಿದ ಊರು, ನಾನು ಹಾಕದ ಸಹಿ

ಮುಂಬೈ ಹತ್ತಿರದ ಡೊಂಬಿವಲಿಯ ಈ ಮನೆ ನನ್ನ ಹೆಸರಿನಲ್ಲಿದೆ. ನನ್ನನ್ನು ಕೇಳದೆ ಇಲ್ಲಿ ಗೋಡೆಗೆ ಒಂದು ಮೊಳೆಯನ್ನೂ ಯಾರೂ ಹೊಡೆಯುವುದಿಲ್ಲ. ಗೆಳತಿಯರಿಗೆಲ್ಲ ಇದು ಗೊತ್ತೇ ಇದೆ. ಈ ಮನೆಯಿರುವ ಹಳೆಯ ಕಟ್ಟಡವನ್ನು ಕೆಡವಿ ಇಪ್ಪತ್ತೆರಡು ಮಹಡಿ ಎಬ್ಬಿಸುತ್ತೇನೆಂದು ಬಿಲ್ಡರ್ ಒಬ್ಬ ನನ್ನ ಸಹಿಗಾಗಿ ಬೆನ್ನು ಬಿದ್ದಿದ್ದಾನೆ.

ಇವತ್ತು ಮಧ್ಯಾಹ್ನ ಸೊಸೆ ಸ್ವಾತಿ ಫೋನಿನಲ್ಲಿ ತನ್ನ ತಂಗಿಗೆ ಹೇಳುತ್ತಿದ್ದಳು: "ಪುರಾನಿ ಬಿಲ್ಡಿಂಗ್ ತೋಡ್ ದೂಂಗೀ. ಸಬ್‌ಕೋ ನದೀ ಕೇ ಉಸ್ ಪಾರ್ ಶಿಫ್ಟ್ ಕರೂಂಗೀ."

ಹಳೆಯ ಕಟ್ಟಡ ಕೆಡವಿ ಎಲ್ಲರನ್ನೂ ನದಿಯಾಚೆ ಸಾಗಿಸುತ್ತಾಳಂತೆ! "ಯಾರನ್ನು ಕೇಳಿ ಒಪ್ಪಿಕೊಂಡೆ? ಆ ಬಿಲ್ಡರ್ ನಿನ್ನ ಕಿವಿಯಲ್ಲಿ ಏನು ಊದಿದ?"

"ಅಯ್ಯೋ ಅತ್ತೆ, ಇದು ಕಂಪ್ಯೂಟರಿನಲ್ಲಿ ಊರು ಕಟ್ಟೋ ಗೇಮು! ಬಿಲ್ಡರ್ ನಾನೇ."

ನಾನು ನಂಬಲಿಲ್ಲ. ಪಕ್ಕದಲ್ಲೇ ಕುಳಿತು ನೋಡಿದೆ. ಪರದೆಯ ಮೇಲೆ ಪುಟ್ಟದೊಂದು ಊರು. ಅರ್ಧ ಗಂಟೆ ಅವಳು ಬರೀ ನೀರಿನ ಪೈಪು ಎಳೆದಳು.

"ಮನೆ ಕಟ್ಟುವುದು ಯಾವಾಗ?"

"ಪೆಹಲೇ ಪಾನಿ, ಅತ್ತೆ, ಮೊದಲು ನೀರು. ನೀರಿಲ್ಲದಿದ್ರೆ ಜನ ಊರು ಬಿಟ್ಟು ಹೋಗ್ತಾರೆ. ಗಡಿಬಿಡಿ ಮಾಡೋ ಹಾಗಿಲ್ಲ, ಅದೇ ಮಜಾ."

ಸಂಜೆ ಬಿಲ್ಡರನ ಮನುಷ್ಯ ಒಪ್ಪಿಗೆ ಪತ್ರ ಹಿಡಿದು ಬಂದ. ಇಪ್ಪತ್ತೆರಡು ಮಹಡಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

"ಹೋ ಜಾಯೇಗಾ, ಆಂಟಿ. ಆಪ್ ಆಜ್ ಸೈನ್ ಕರ್ ದೋ." ನೀರು ಹೇಗೋ ಆಗುತ್ತದಂತೆ, ಸಹಿ ಮಾತ್ರ ಇವತ್ತೇ ಬೇಕಂತೆ.

ಸೊಸೆಯ ಗೇಮಿನ ಊರಿನ ಮೇಲೂ ನನಗೆ ಅನುಮಾನ ಹೋಗಿಲ್ಲ. ಅಲ್ಲಿ ಮನೆ ಕೆಡವಲು ಯಾರ ಸಹಿಯೂ ಬೇಕಿಲ್ಲವಂತೆ! ಇಲ್ಲಿ ಮಾತ್ರ ನನ್ನದು ಬೇಕು. ಪತ್ರವನ್ನು ಹಾಗೆಯೇ ಅವನ ಕೈಗಿಟ್ಟು, "ಪೆಹಲೇ ಪಾನಿ" ಎಂದು ಹೇಳಿ ಬಾಗಿಲು ಹಾಕಿಕೊಂಡೆ.