ಹನೂರಿನ ಪಿ.ಪಿ. ನಂಬರು

ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ಮಾಡಿದ್ದು ಫ್ಲಾಪಿ ಹೊರುವ ಕೆಲಸ. ಕಾಗದದ ಮೇಲೆ ಮಾತ್ರ ಕಂಪ್ಯೂಟರ್ ಆಪರೇಟರ್. ನಮ್ಮದು ರೇಷ್ಮೆ ಹುಳುವಿನ ಮೊಟ್ಟೆ ಮಾರುವ ಸಣ್ಣ ಖಾಸಗಿ ಸಂಸ್ಥೆ. ಕೊಳ್ಳೇಗಾಲದಲ್ಲಿ ಹೆಡ್ಡಾಫೀಸು, ಹನೂರಿನಲ್ಲೂ ಯಳಂದೂರಿನಲ್ಲೂ ಒಂದೊಂದು ಕೋಣೆಯ ಬ್ರಾಂಚು. ಯಾವ ಊರಿನ ಯಾರಿಗೆ ಎಷ್ಟು ಮೊಟ್ಟೆ ಬೇಕು, ಯಾವತ್ತು ಬೇಕು ಎಂಬ ಪಟ್ಟಿಯನ್ನು ಬ್ರಾಂಚಿನ ಕಂಪ್ಯೂಟರಿಗೆ ತುಂಬಿಡುತ್ತಿದ್ದರು. ಒಂದು ದಿನ ಹನೂರಿಗೆ, ಮರುದಿನ ಯಳಂದೂರಿಗೆ ಬಸ್ಸು ಹತ್ತಿ ಹೋಗಿ ಅದನ್ನು ಫ್ಲಾಪಿಗೆ ಇಳಿಸಿಕೊಂಡು ಬರುವುದು ನನ್ನ ಪಾಲಿಗೆ ಬಂದಿತ್ತು. ಜೇಬಿನಲ್ಲಿಟ್ಟರೆ ಬೆವರು, ಚೀಲದಲ್ಲಿಟ್ಟರೆ ಧೂಳು. ಎಷ್ಟೋ ಸಲ ಫ್ಲಾಪಿ ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಕೈಕೊಡುತ್ತಿತ್ತು. ಆಗ ಮ್ಯಾನೇಜರು, ಅದನ್ನು ನಾನೇ ದಾರಿಯಲ್ಲಿ ಕಡಿದು ತಿಂದೆನೇನೋ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಮೈಸೂರಿನಿಂದ ಮೂರು ಮೋಡೆಮ್ಮು ತರಿಸಿದರು. ಟೆಲಿಫೋನ್ ತಂತಿಯನ್ನು ಆ ಡಬ್ಬಿಗೆ ಸಿಕ್ಕಿಸಿ, ಕೊಳ್ಳೇಗಾಲದಿಂದ ಹನೂರಿನ ನಂಬರು ಒತ್ತಿದರೆ ಆ ಕಡೆಯ ಡಬ್ಬಿ ತಾನೇ ಫೋನು ಎತ್ತಿಕೊಳ್ಳುತ್ತದೆ. ಎರಡೂ ಕೀ ಎಂದು ಕೂಗಾಡಿಕೊಂಡು ಒಪ್ಪಂದಕ್ಕೆ ಬಂದ ಮೇಲೆ ಹನೂರಿನ ಕಂಪ್ಯೂಟರಿನ ಪರದೆ ಕೊಳ್ಳೇಗಾಲದಲ್ಲಿ ಕಾಣುತ್ತದೆ. ಪುಸ್ತಕ ಓದಿ ನಾನೇ ಕಲಿತೆ, ನಾನೇ ಹೊಂದಿಸಿದೆ. ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಯಳಂದೂರಿನಲ್ಲಿ ಒಂದೇ ದಿನಕ್ಕೆ ಕೆಲಸ ಮುಗಿಯಿತು. ಅಲ್ಲಿನ ಫೋನು ಹೊಸದು, ಅದರ ನಂಬರು ನಮಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ತಕರಾರು ಬಂದದ್ದು ಹನೂರಿನಲ್ಲಿ. ಅಲ್ಲಿನ ಫೋನು ಹೆಸರಿಗೆ ಆಫೀಸಿನದು, ನಿಜವಾಗಿ ಇಡೀ ಬೀದಿಯದು. ಮನೆಯಲ್ಲಿ ಫೋನಿಲ್ಲದವರೆಲ್ಲ ನೆಂಟರಿಷ್ಟರಿಗೆ ನಮ್ಮ ಆಫೀಸಿನ ನಂಬರನ್ನೇ ಪಿ.ಪಿ. ನಂಬರು ಅಂತ ಬರೆದುಕೊಟ್ಟಿದ್ದರು. ಮದುವೆ ಕಾರ್ಡಿನಲ್ಲೂ ಅದು ಅಚ್ಚಾಗಿದ್ದನ್ನು ನಾನೇ ನೋಡಿದ್ದೇನೆ. ಫೋನು ಬಂದರೆ ಅಟೆಂಡರು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಬೀದಿಗೆ ಹೋಗಿ ಕೂಗಿ ಕರೆಯುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಕೂಗುವುದರಲ್ಲಿ ಮಾತ್ರ ಎತ್ತಿದ ಕೈ.

ಹನೂರಿನ ಲೈನು ಮೊದಲೇ ಸಪ್ಪೆ. ಫೋನಿನ ಗಂಟೆ ನಾಲ್ಕು ಸಲ ಬಡಿದ ಮೇಲೆ ಮೋಡೆಮ್ಮು ಎತ್ತಲಿ ಎಂದು ಇಟ್ಟರೆ ಅಷ್ಟರಲ್ಲಿ ಅಟೆಂಡರೇ ಎತ್ತಿ ಹಲೋ ಅನ್ನುತ್ತಿದ್ದರು. ಸಂಪರ್ಕ ಸಿಕ್ಕಿ ಪಟ್ಟಿ ಬರುತ್ತಿರುವಾಗ ಯಾರೋ ರಿಸೀವರ್ ಎತ್ತಿದರೆ ಎಲ್ಲ ಕಡಿದುಹೋಗುತ್ತಿತ್ತು. ಮೂರು ದಿನ ಒದ್ದಾಡಿ ನನಗೆ ರೇಗಿತು. ಹನೂರಿಗೇ ಹೋಗಿ, ಮೊದಲ ಗಂಟೆಗೇ ಮೋಡೆಮ್ಮು ಎತ್ತುವಂತೆ ಮಾಡಿದೆ. ಫೋನನ್ನೇ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆ. ಬೀಗದ ಕೈ ಗುಮಾಸ್ತೆ ಮೇಡಮ್ಮಿನ ಹತ್ತಿರವೇ ಇತ್ತು, ಆದರೆ ಕೊಳ್ಳೇಗಾಲದಿಂದ ಹೇಳದೆ ತೆಗೆಯಬಾರದೆಂದು ಮ್ಯಾನೇಜರ ಹೆಸರಿನಲ್ಲಿ ಆರ್ಡರನ್ನೂ ನಾನೇ ಮಾಡಿದೆ.

ನಾನು ಹೊರಡುವಾಗ ಅಟೆಂಡರು ಬಾಗಿಲ ತನಕ ಬಂದರು. ಮಗಳನ್ನು ನೋಡಿಕೊಂಡು ಹೋಗಿದ್ದಾರೆ, ಮುಳ್ಳೂರಿನ ಗಂಡು, ಮಾತು ತಿಳಿಸುತ್ತೇವೆ ಅಂದಿದ್ದಾರೆ, ಕೊಟ್ಟಿರುವುದು ಇದೇ ನಂಬರು ಎಂದರು. ನೀವೇ ಒಂದು ಸಲ ಹೋಗಿ ಕೇಳಿಬನ್ನಿ ಎಂದೆ. ಹೆಣ್ಣಿನ ಕಡೆಯವರು ತಾವಾಗಿ ಹೋಗಿ ಕೇಳಿದರೆ ಮೇಲೆ ಬಿದ್ದಂತಾಗುತ್ತದೆ, ಅವರಿಂದಲೇ ಬರಬೇಕು ಎಂದು ತಲೆ ತಗ್ಗಿಸಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು.

"ಫೋನು ಯಾವತ್ತು ಬೇಕೋ ಮೇಡಮ್ಮಿಗೆ ಹೇಳಿ ಕಂಪ್ಯೂಟರಿನಲ್ಲಿ ಬರೆಸಿ. ಇನ್ನು ಮೇಲೆ ಇಲ್ಲಿ ಏನು ಬರೆದರೂ ನನಗೆ ಕೊಳ್ಳೇಗಾಲದಲ್ಲಿ ಕಾಣುತ್ತದೆ" ಎಂದೆ.

ಅವರು ಒಳಗೆ ತಿರುಗಿ ಆ ಪೆಟ್ಟಿಗೆಯನ್ನು ಒಂದು ಸಲ ನೋಡಿದರು. ನನ್ನ ಮಾತು ನನಗೇ ಬಹಳ ಹಿಡಿಸಿತು. ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಸಿಕ್ಕುವಷ್ಟರಲ್ಲಿ ಮರೆತೂಹೋಯಿತು.

ಆಮೇಲೆ ಎಲ್ಲ ಸಲೀಸು. ಸಂಜೆ ನಾಲ್ಕಕ್ಕೆ ನಂಬರು ಒತ್ತುತ್ತಿದ್ದೆ, ಪಟ್ಟಿ ಬರುತ್ತಿತ್ತು, ಅಂಕಿಗಳನ್ನು ಮಾತ್ರ ಪ್ರಿಂಟು ತೆಗೆದು ಮ್ಯಾನೇಜರ ಮುಂದೆ ಇಡುತ್ತಿದ್ದೆ. ಅವರು ನನ್ನನ್ನು ಕೂರಿಸಿ ಕಾಫಿ ತರಿಸತೊಡಗಿದರು. ಒಂದೂವರೆ ತಿಂಗಳು ಹನೂರಿನ ಬಸ್ಸು ಹತ್ತಲಿಲ್ಲ. ಹತ್ತಬೇಕಾಗಿ ಬಂದದ್ದು ಅಲ್ಲಿನ ಮೋಡೆಮ್ಮಿನ ಅಡಾಪ್ಟರು ಸುಟ್ಟಾಗ.

ಅಡಾಪ್ಟರು ಬದಲಾಯಿಸುತ್ತಾ, ಮಗಳ ಮದುವೆ ಎಲ್ಲಿಗೆ ಬಂತು ಎಂದು ಅಟೆಂಡರನ್ನು ಕೇಳಿದೆ. ಮುರಿದುಹೋಯಿತು ಎಂದರು. ಯಾಕೆ ಎಂದದ್ದಕ್ಕೆ ಹೇಳಿದರು. ಗಂಡಿನ ಸೋದರಮಾವ ಒಳ್ಳೆಯ ದಿನ ನೋಡಿ, ಒಂದು ಗುರುವಾರ ರಾಹುಕಾಲಕ್ಕೆ ಮುಂಚೆ ಒಪ್ಪಿಗೆ ತಿಳಿಸಲು ಟೆಲಿಫೋನ್ ಬೂತಿಗೆ ಹೋಗಿದ್ದರಂತೆ. ಈ ಕಡೆ ಫೋನು ಎತ್ತಿದ ಕೂಡಲೇ ಒಳಗಿನಿಂದ ಏನೋ ಕಿರುಚಿತಂತೆ. ಇನ್ನೊಂದು ಸಲ ಮಾಡಿದರೂ ಅದೇ ಕಿರುಚಾಟ. ಶುಭದ ಮಾತು ಆಡಲು ಹೋದರೆ ಈ ಅಪಶಕುನ, ಆ ಮನೆ ಬೇಡ ಎಂದು ಕೈಬಿಟ್ಟರಂತೆ. ಮಧ್ಯಸ್ಥಿಕೆಯವರ ಬಾಯಿಂದ ಇದು ಇವರ ಕಿವಿಗೆ ಬಿದ್ದಿತ್ತು.

"ಅವತ್ತು ಬೆಳಿಗ್ಗೆ ಎಲ್ಡು ಸಲ ಕೂಗ್ತು ಸಾ ನಿಮ್ ಮಿಸಿನ್ನು. ನಾನಿಲ್ಲೇ ಮೇಜು ಒರೆಸ್ತಾ ಇದ್ದೆ. ನೀವೇ ಅಂದ್ಕಂಡೆ" ಎಂದರು.

ಸಂಜೆ ನಾಲ್ಕಕ್ಕಲ್ಲದೆ ನಾನು ಯಾವತ್ತೂ ಆ ನಂಬರು ಒತ್ತಿದವನಲ್ಲ. ಬೀರುವಿನ ಬೀಗ ತೆಗೆಸಿ ಫೋನನ್ನು ಮತ್ತೆ ಮೇಜಿನ ಮೇಲಿಟ್ಟೆ, ಮೋಡೆಮ್ಮಿನ ವೈರು ಕಿತ್ತೆ. ಸಂಜೆ ನಾಲ್ಕಕ್ಕೆ ಮೇಡಮ್ಮು ಸಿಕ್ಕಿಸಿದರೆ ಸಾಕಾಗಿತ್ತು. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಭಾನುವಾರ ಮುಳ್ಳೂರಿಗೆ ಹೋದೆ. ಸೋದರಮಾವ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು, ನೀರು ಬೆಲ್ಲ ಕೊಟ್ಟರು. ಮೋಡೆಮ್ಮು ಅಂದರೇನು, ಅದು ಯಾಕೆ ಕೂಗುತ್ತದೆ, ತಪ್ಪು ಯಾರದು, ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಹುಡುಗನಿಗೆ ಬೇರೆ ಕಡೆ ವೀಳ್ಯಶಾಸ್ತ್ರ ಆಗಿ ವಾರವಾಗಿತ್ತು.

"ಮಿಸಿನ್ನೇ ಇರ್ಬೌದು ಕಣ್ರಿ, ನೀವು ಓದ್ದೋರು ಸುಳ್ಳೇಳಲ್ಲ. ಆದ್ರೆ ನಾವು ಒಳ್ಳೆ ಮಾತು ಏಳಾಕೆ ಓದಾಗ್ಲೇ ಅದು ಅಂಗೆ ಕೂಗ್ಬೇಕಾ?" ಎಂದರು.

ಸೋಮವಾರ ಹನೂರಿಗೆ ಹೋಗಿ ಅಟೆಂಡರಿಗೆ ಇದನ್ನು ಹೇಳಿದೆ. ಹೋಗಿ ಬಂದದ್ದಕ್ಕೆ ಅವರು ಕೈಮುಗಿದರು. ಆ ಕೈ ನೋಡಿ ನನಗೆ ಸಂಕಟವಾಯಿತು, ಸಂಕಟಕ್ಕೆ ಸಿಟ್ಟು ಬಂತು. ಬರೆಸಿ ಅಂತ ಹೇಳಿದ್ದೆನಲ್ಲ, ಒಂದೇ ಒಂದು ಸಲ ನೆನಪು ಮಾಡಬಾರದಿತ್ತೇ ಎಂದು ಅವರ ಮೇಲೆಯೇ ರೇಗಿದೆ.

ಅವರು ತಬ್ಬಿಬ್ಬಾಗಿ ಮೇಡಮ್ಮಿನ ಕಡೆ ನೋಡಿದರು. ಆಕೆ ಕಂಪ್ಯೂಟರಿನಲ್ಲಿ ಹಳೆಯ ಪಟ್ಟಿ ತೆಗೆದು ನನ್ನ ಕಡೆ ತಿರುಗಿಸಿದರು. ಅಂಕಿಗಳೆಲ್ಲ ಮುಗಿದ ಮೇಲೆ ಬಲತುದಿಯಲ್ಲಿ ಷರಾ ಎಂಬ ಕಲಂ ಇತ್ತು. ನಾನೇ ಇಟ್ಟ ಕಲಂ, ನನ್ನ ಪ್ರಿಂಟಿನಲ್ಲಿ ಅದು ಬರುತ್ತಿರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನದ ಸಾಲಿನಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಗುರುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಫೋನು ಕೊಡಬೇಕು, ಅಟೆಂಡರ ಮಗಳ ವಿಷಯ. ಬುಧವಾರದ ಸಾಲಿನಲ್ಲಿ ದಯವಿಟ್ಟು ಎಂದು ಸೇರಿತ್ತು. ಆ ಮೂರೂ ಸಂಜೆ ಆ ಸಾಲುಗಳನ್ನು ಕೊಳ್ಳೇಗಾಲಕ್ಕೆ ತರಿಸಿಕೊಂಡವನು ನಾನೇ. ಗುರುವಾರ ಒಳ್ಳೆಯ ದಿನ, ಅವತ್ತೇ ಫೋನು ಬಂದೀತು ಎಂದು ಅಟೆಂಡರೂ ಪಂಚಾಂಗ ಕೇಳಿಕೊಂಡು ಬಂದಿದ್ದರಂತೆ.

"ಬರ್ಸಿದ್ವಲ್ಲ ಸಾ, ಮೂರು ದಿನಾನೂವೆ. ನೀವು ನೋಡಿ, ಆಗಲ್ಲ ಅಂತ ಸುಮ್ಕಾದ್ರಿ ಅಂದ್ಕಂಡೆ" ಎಂದರು ಅಟೆಂಡರು.

ನಾನು ನೋಡಲೇ ಇಲ್ಲ ಎಂದೆ. ದೇವರಾಣೆ ನೋಡಲಿಲ್ಲ ಎಂದೆ. ಪರವಾಗಿಲ್ಲ ಬಿಡಿ ಸಾ ಎಂದು ನನಗೆ ಟೀ ತರಲು ಹೊರಟರು. ಇಲ್ಲಿ ಏನು ಬರೆದರೂ ನಿಮಗೆ ಕಾಣುತ್ತದೆಯಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನೋಡಲಿಲ್ಲವೆಂಬ ನನ್ನ ಮಾತನ್ನು ಅವರು ನಂಬಿರಲಿಲ್ಲ.