ಬರೀ ಮಣ್ಣಿನ ಫೋಟೊ

ಹೋದ ತಿಂಗಳು ಅವ್ವ ಈರುಳ್ಳಿ ಚೀಲ ಸುರುವಿದಾಗ ತಳದಿಂದ ಕೊಳೆತದ್ದೊಂದು ಉರುಳಿ ಬಂತು. ಅವ್ವ ಮೂಗು ಮುಚ್ಚಿಕೊಂಡಳು. ನನಗೆ ಎದುರುಮನೆಯ ಮಾಸ್ತರು ನೆನಪಾದರು...

ಅವರು ಕೂಡ್ಲಿಗಿಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಕುರುಚಲು ಗುಡ್ಡದ ಹೂಗಡ್ಡೆಗಳನ್ನು ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಬೆಳೆಸುತ್ತಿದ್ದರು. ಹೂ ಬಿಟ್ಟಾಗ ಫೋಟೊ ತೆಗೆದರೆ ಸರಿ. ಇವರು ಬೇಸಿಗೆಯಲ್ಲೂ ದಿನಾ ಬೆಳಿಗ್ಗೆ ಒಣಮಣ್ಣಿನ ಫೋಟೊ ತೆಗೆಯುತ್ತಿದ್ದರು. ಬರೀ ಮಣ್ಣು! ಹುಟ್ಟಾ ಪತ್ತೇದಾರನೆಂದು ನನ್ನನ್ನು ನಾನೇ ನಂಬಿದ್ದ ಕಾಲ ಅದು. ಅನುಮಾನ ಬಾರದೆ ಇರುತ್ತದೆಯೇ?

“ಏನ್ ಹೂತಿಟ್ಟೀರಿ ಸರ?”

“ನಿನ್ನಂಗ ಅತಿ ಶಾಣ್ಯಾ ಆದಾವನ್ನ.”

ಒಂದು ಡಬ್ಬಿಯ ಹತ್ತಿರವಂತೂ ಯಾರನ್ನೂ ಬಿಡುತ್ತಿರಲಿಲ್ಲ. ಅದರ ಗಡ್ಡೆ ಕೊಟ್ಟವರು ಕಾನಹೊಸಹಳ್ಳಿ ಕಡೆಯ ಕುರಿಗಾರರೊಬ್ಬರು, ಮಾಸ್ತರ ಬಾಲ್ಯದ ಗೆಳೆಯ. ಕುರಿ ತಿಂದರೆ ಸಾಯುತ್ತದೆಂದು ಅಂಥ ಗಡ್ಡೆಗಳಿರುವ ಜಾಗವೆಲ್ಲ ಅವರಿಗೆ ಬಾಯಿಪಾಠ. ಆ ಹೂವನ್ನು ಒಮ್ಮೆ ನೋಡಬೇಕೆಂದು ಮಾಸ್ತರು ಮೂರು ವರ್ಷದಿಂದ ಕಾಯುತ್ತಿದ್ದರು.

ಕಣ್ಣಿನ ಆಪರೇಷನ್ನಿಗೆ ಹೊಸಪೇಟೆಯ ಮಗಳ ಮನೆಗೆ ಹೊರಟಾಗ ಕೆಲಸ ನನಗೆ ಬಿತ್ತು.

“ದಿನಾ ಫೋಟೊ ತಗಿ. ನೀರ್ ಹಾಕಬ್ಯಾಡ. ಗಡ್ಡಿ ಮಲಗೇತಿ.”

ಮೂರನೇ ದಿನವೇ ಆ ಡಬ್ಬಿಯನ್ನು ಅಗೆದೆ. ನಿಧಿ, ನಾಗಮಣಿ, ಕನಿಷ್ಠ ಒಂದು ಉಂಗುರ... ಸಿಕ್ಕಿದ್ದು ಈರುಳ್ಳಿಯಂಥ ಗಡ್ಡೆ! ನಾಚಿಕೆಯಾಗಿ ಮತ್ತೆ ಹೂತೆ. ಬಾಡಿದ್ದು ಕಂಡರೆ ತಂಬಿಗೆ ನೀರು ಹಾಕುವುದು ನಮ್ಮ ಒಣಸೀಮೆಯಲ್ಲಿ ಪುಣ್ಯದ ಕೆಲಸ. ಹಾಕಿದೆ. ಪಾಪ ದೊಡ್ಡದೆಂದು ಪುಣ್ಯವನ್ನು ದಿನಾ ಮಾಡಿದೆ. ಹದಿನೈದು ದಿನದಲ್ಲಿ ಗಡ್ಡೆ ಕೊಳೆತು ನಾರಿತು. ಚರಂಡಿಗೆಸೆದು, ಒಣಮಣ್ಣು ತುಂಬಿ, ಬಾಕಿಯಿದ್ದ ಫೋಟೊಗಳನ್ನೆಲ್ಲ ಒಮ್ಮೆಲೇ ಹೊಡೆದೆ. ಮಣ್ಣಿಗೆ ಮಣ್ಣೇ ಸಾಕ್ಷಿ ಎಂದುಕೊಂಡೆ.

ವಾಪಸ್ ಬಂದ ಮಾಸ್ತರು ಕಪ್ಪು ಕನ್ನಡಕದಲ್ಲೇ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದರು.

“ಮೊದಲಿನ ಬಿರುಕು ಎಲ್ಲಿ ಹೋತಲೇ?”

ಮಣ್ಣೊಳಗೆ ಬೆರಳು ಇಳಿಸಿದರು. ಖಾಲಿ.

“ಯಾರ್ ಬಂದಿದ್ರು?”

“ಕುರಿಗಾರ ಮಾವ ಬಂದಿದ್ರು, ಸರ.”

ಸುಳ್ಳಲ್ಲ. ಕಣ್ಣು ಹೇಗಿದೆಯೆಂದು ಕೇಳಲು ಅವರು ಬಂದಿದ್ದರು. ಮುಂದಿನದನ್ನೆಲ್ಲ ಮಾಸ್ತರ ಅನುಮಾನವೇ ಜೋಡಿಸಿಕೊಂಡಿತು. ನಾನು ಬಾಯಿಬಿಡಲಿಲ್ಲ.

ಅದಾದ ಮೇಲೆ ಕುರಿಗಾರರು ಬಂದಾಗ ಮಾಸ್ತರು ಬಾಗಿಲು ತೆರೆಯಲಿಲ್ಲ. “ಕಣ್ಣು ನೋಯ್ತಿರಬೇಕು, ಮಲಗ್ಲಿ ಬಿಡು,” ಎಂದು ನನಗೇ ಹೇಳಿ ಹೋದರು. ಇನ್ನೊಮ್ಮೆ ಬಂದರು. ಆಮೇಲೆ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿದ್ದೆ... ಹೋದ ವರ್ಷ ಮಾಸ್ತರೇ ತೀರಿಕೊಂಡರು.

ಅವ್ವನ ಈರುಳ್ಳಿಯ ಆ ಕೊಳೆತ ವಾಸನೆ ಬಡಿದ ಮರುದಿನ ಕಾನಹೊಸಹಳ್ಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ನಗೆಚಾಟಿಕೆ ಹೊಸೆದುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದೆ.

ಕುರಿಗಾರರು ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ ಕೂತರು.

“ಸಾಯೋತನಕ ನನ್ನ ಕಳ್ಳ ಅಂದ್ಕಂಡಿದ್ನೇನು?”

ಹೌದೆಂದು ತಲೆಯಾಡಿಸಿದೆ.

“ಒಂದ್ ಮಾತು ಕೇಳಿದ್ರ ಹತ್ತು ಗಡ್ಡಿ ಅಗದು ಕೊಡ್ತಿದ್ನಲ್ಲೋ... ಹೂವಾದ್ರೂ ನೋಡಿದ್ನಾ?”

“ಇಲ್ಲ, ಮಾವ.”

ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ. ಕಂಬಳಿ ಕೊಡವಿ ಎದ್ದರು.

“ಸಂಜಿ ಬಸ್ಸು ಹೊಂಟೈತಿ. ಹೋಗು.”